ಜೀನು ಮಾಡಿಸಿಕೊಟ್ಟ ಹುಡುಗ ಎಲ್ಲಿ ಹೋದ? ‘ಐರನ್ ಫ್ಲೇಮ್’ ಮತ್ತೆ ಓದಿದ ಮೇಲೆ

ರೆಬೆಕಾ ಯಾರೋಸ್ ಅವರ ಡ್ರ್ಯಾಗನ್ ಸವಾರರ ಕಾದಂಬರಿ ಸರಣಿಯ ಎರಡನೇ ಪುಸ್ತಕ ‘ಐರನ್ ಫ್ಲೇಮ್’ ಬಗ್ಗೆ ನನ್ನ ದೂರು ಒಂದೇ. ಆದರೆ ಅದು ದೊಡ್ಡದು. ಮೊದಲ ಪುಸ್ತಕದಲ್ಲಿ ಬಾಯಿ ಬಿಡದೆ ಪ್ರೀತಿ ತೋರಿಸುತ್ತಿದ್ದ ಹುಡುಗ, ಈ ಪುಸ್ತಕದಲ್ಲಿ ಬರೀ ವಾದ ಮಾಡುತ್ತಾನೆ. ಆರುನೂರಕ್ಕೂ ಜಾಸ್ತಿ ಪುಟ ಇರುವ ಪುಸ್ತಕದಲ್ಲಿ ಒಂದೇ ಜಗಳ ಮತ್ತೆ ಮತ್ತೆ ಬಂದರೆ ಓದುವವರಿಗೆ ಸುಸ್ತಾಗುತ್ತದೆ. ನನಗೂ ಆಯಿತು. ಆದರೂ ಈ ಪುಸ್ತಕವನ್ನು ಕಪಾಟಿನಿಂದ ತೆಗೆದು ಯಾರಿಗೂ ಕೊಡಲು ಮನಸ್ಸು ಬರುತ್ತಿಲ್ಲ. ಯಾಕೆ ಅಂತ ಹೇಳಬೇಕು ಅನ್ನಿಸಿತು.

ಮೊದಲ ಪುಸ್ತಕ ‘ಫೋರ್ತ್ ವಿಂಗ್’ ಓದಿದವರಿಗೆ ಮಾತ್ರ ಇದು. ಡ್ರ್ಯಾಗನ್, ಬಾಸ್‌ಗಯತ್ ಯುದ್ಧ ಕಾಲೇಜು, ಸವಾರರ ವಿಭಾಗ ಇದನ್ನೆಲ್ಲ ಮತ್ತೆ ವಿವರಿಸುವುದಿಲ್ಲ. ಕಥೆಯ ಗುಟ್ಟುಗಳೂ ಮುಂದೆ ಬರುತ್ತವೆ. ಇನ್ನೂ ಓದಿಲ್ಲದವರು ಓದಿ ಆಮೇಲೆ ಬನ್ನಿ.

ಮೊದಲ ಪುಸ್ತಕ ನನಗೆ ಯಾಕೆ ಅಷ್ಟು ಹಿಡಿಸಿತು ಎಂದರೆ ಕಥಾನಾಯಕಿ ವಯಲೆಟ್‌ನ ಮೈಯಿಂದಾಗಿ. ಅವಳ ಕೀಲುಗಳು ಸಡಿಲ. ಸ್ವಲ್ಪ ಹೆಚ್ಚುಕಮ್ಮಿ ಆದರೂ ಭುಜ ಜಾರುತ್ತದೆ, ಮಂಡಿ ತಪ್ಪುತ್ತದೆ. ಬೆಳಿಗ್ಗೆ ಎದ್ದು ಬಟ್ಟೆ ಸುತ್ತಿ ಬಿಗಿದುಕೊಂಡೇ ಅವಳು ಹೊರಗೆ ಹೋಗುವುದು. ಲೇಖಕಿಗೆ ಸ್ವತಃ ಎಹ್ಲರ್ಸ್-ಡಾನ್ಲೋಸ್ ಸಿಂಡ್ರೋಮ್ ಇದೆ. ಕೀಲುಗಳನ್ನು ಹಿಡಿದಿಡುವ ಅಂಗಾಂಶವೇ ದುರ್ಬಲವಾಗಿರುವ, ಹುಟ್ಟಿನಿಂದ ಬರುವ ತೊಂದರೆ ಅದು. ಕಥೆಯಲ್ಲಿ ಅದರ ಹೆಸರು ಬರುವುದಿಲ್ಲ. ಆದರೆ ಅನುಭವಿಸಿದವರು ಬರೆದದ್ದು ಅಂತ ಓದುವಾಗಲೇ ಗೊತ್ತಾಗುತ್ತದೆ. ನನ್ನ ಬಲ ಮಂಡಿ ಕೂಡ ಆಗಾಗ ಜಾರುತ್ತದೆ. ಕ್ರೇಪ್ ಬ್ಯಾಂಡೇಜ್ ಸುತ್ತದೆ ನಾನು ಆಫೀಸಿನ ಮೆಟ್ಟಿಲು ಹತ್ತುವುದಿಲ್ಲ. ಕಾಫಿ ಆರುವ ಮೊದಲೇ ಬ್ಯಾಂಡೇಜ್ ಕಟ್ಟಿ ಮುಗಿಸಬೇಕು, ಕೆಳಗಿನಿಂದ ಮೇಲಕ್ಕೆ ಸುತ್ತಬೇಕು, ತೀರಾ ಬಿಗಿಯಾದರೆ ಪಾದ ಜೋಮು ಹಿಡಿಯುತ್ತದೆ. ಇಂಥ ಹುಡುಗಿಯೊಬ್ಬಳು ಡ್ರ್ಯಾಗನ್ ಮೇಲೆ ಕೂರುವ ಕಥೆ ನಾನು ಅದಕ್ಕಿಂತ ಮುಂಚೆ ಓದಿರಲಿಲ್ಲ.

ವಯಲೆಟ್ ತನ್ನ ಡ್ರ್ಯಾಗನ್ ಟೇರ್ನ್ ಬೆನ್ನಿನಿಂದ ಪದೇ ಪದೇ ಬೀಳುತ್ತಿದ್ದಾಗ ಅವಳ ಪ್ರೇಮಿ ಝೇಡನ್ ಏನು ಮಾಡಿದ? ಜೀನು ಮಾಡಿಸಿಕೊಟ್ಟ. ಅವಳ ಕೈಗೆ ಒಗ್ಗುವಂಥ ಹಗುರ ಚಾಕುಗಳನ್ನು ಮಾಡಿಸಿಕೊಟ್ಟ. ಪಾಪ ಅನ್ನಲಿಲ್ಲ, ನಿನ್ನ ಕೈಲಾಗಲ್ಲ ಅನ್ನಲಿಲ್ಲ. ಏನು ಬೇಕೋ ಅದನ್ನು ತಂದು ಮುಂದಿಟ್ಟ. ಪ್ರೇಮಕಥೆಗಳಲ್ಲಿ ನಾನು ಹುಡುಕುವುದೇ ಇದನ್ನು.

‘ಫೋರ್ತ್ ವಿಂಗ್’ ಬಂದದ್ದು 2023ರ ಮೇ ತಿಂಗಳಲ್ಲಿ. ಅದೇ ವರ್ಷ ನವೆಂಬರ್ 7ಕ್ಕೆ ‘ಐರನ್ ಫ್ಲೇಮ್’ ಬಂತು. ಬರೀ ಆರು ತಿಂಗಳು. ಇಷ್ಟು ದಪ್ಪ ಪುಸ್ತಕ ಇಷ್ಟು ಬೇಗ ಬಂತಲ್ಲ ಅಂತ ಆಗ ಖುಷಿಯಾಗಿತ್ತು. ಈಗ ಓದಿದರೆ ಅವಸರ ಅಲ್ಲಲ್ಲಿ ಕಾಣುತ್ತದೆ.

ಜಗಳದ ವಿಷಯಕ್ಕೆ ಬರುತ್ತೇನೆ. ಮೊದಲ ಪುಸ್ತಕದ ಕೊನೆಯಲ್ಲಿ ಝೇಡನ್ ಮುಚ್ಚಿಟ್ಟ ಸತ್ಯಗಳೆಲ್ಲ ಹೊರಗೆ ಬಿದ್ದಿವೆ. ಗಡಿಯಾಚೆ ನೆಲದಿಂದ ಶಕ್ತಿ ಎಳೆದುಕೊಂಡು ಕೆಟ್ಟವರಾದ ವೆನಿನ್‌ಗಳಿದ್ದಾರೆ, ಸರ್ಕಾರ ಸುಳ್ಳು ಹೇಳಿದೆ, ಸತ್ತ ಅಂದುಕೊಂಡಿದ್ದ ಅಣ್ಣ ಬ್ರೆನ್ನನ್ ಬದುಕಿದ್ದಾನೆ. ವಯಲೆಟ್‌ಗೆ ಕೋಪ ಬಂದದ್ದು ನ್ಯಾಯ. ಇನ್ನು ಮುಂದೆ ಏನೂ ಮುಚ್ಚಿಡಬೇಡ ಅನ್ನುತ್ತಾಳೆ. ನೀನು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತೇನೆ, ಕೇಳು ಅನ್ನುತ್ತಾನೆ ಇವನು. ನಂಬಿಕೆ ಬರುವವರೆಗೆ ಪ್ರೀತಿಯ ಮಾತು ನನ್ನ ಬಾಯಿಂದ ಬರಲ್ಲ ಅಂತ ಅವಳು ಹಟ ಹಿಡಿಯುತ್ತಾಳೆ. ಇಲ್ಲಿಯವರೆಗೆ ಸರಿ. ಓದುತ್ತಾ ನನಗೂ ಎದೆ ಬಡಿದುಕೊಂಡಿತು.

ಆದರೆ ಮುಂದೆ? ಅವನಿಗೆ ಸಮಾರಾ ಗಡಿಠಾಣೆಯಲ್ಲಿ ಕೆಲಸ. ಅವಳದು ಕಾಲೇಜಿನಲ್ಲಿ ಎರಡನೇ ವರ್ಷ. ಅವರಿಬ್ಬರ ಡ್ರ್ಯಾಗನ್‌ಗಳು ಜೋಡಿ. ಹೆಚ್ಚು ದಿನ ಬಿಟ್ಟಿರಲಾರವು. ಹಾಗಾಗಿ ವಾರಕ್ಕೊಮ್ಮೆ ಅವನಾದರೂ ಬರಬೇಕು, ಇವಳಾದರೂ ಹೋಗಬೇಕು. ಎಂಥ ಒಳ್ಳೆಯ ಸಂದರ್ಭ ಅಲ್ವಾ? ವಾರವಿಡೀ ಕಾದು ಒಂದು ರಾತ್ರಿ ಸಿಗುವ ಇಬ್ಬರು. ಆ ರಾತ್ರಿಗಳಲ್ಲಿ ನಡೆಯುವುದು ಅದೇ ಜಗಳ. ನೀನು ಹೇಳಲಿಲ್ಲ, ನೀನು ಕೇಳಲಿಲ್ಲ. ದಂಗೆಕೋರರ ನೆಲೆಯಾದ ಅರೇಟಿಯಾಕ್ಕೆ ಹೋದ ಮೇಲೂ ಅದೇ. ಅವನಿಗೆ ಹಿಂದೆ ನಿಶ್ಚಿತಾರ್ಥ ಆಗಿತ್ತು, ಆ ಹುಡುಗಿ ಕ್ಯಾಟ್ ಈಗ ಎದುರಿಗೇ ಓಡಾಡುತ್ತಿದ್ದಾಳೆ ಅಂತ ಗೊತ್ತಾದಾಗಲೂ ಅದೇ. ಅವನಿಗೆ ಎರಡನೇ ಶಕ್ತಿಯೊಂದು ಇದೆ, ಎದುರಿನವರ ಉದ್ದೇಶ ಅವನಿಗೆ ತಿಳಿಯುತ್ತದೆ ಅಂತ ಬಯಲಾದಾಗಲೂ ಅದೇ. ಪ್ರತಿ ಸಲ ಗುಟ್ಟು ದೊಡ್ಡದಾಗುತ್ತದೆ. ಜಗಳದ ಮಾತುಗಳು ಮಾತ್ರ ಬದಲಾಗುವುದಿಲ್ಲ.

ನನ್ನ ಅಕ್ಕನ ಮಗಳು ಎಂಜಿನಿಯರಿಂಗ್ ಓದುತ್ತಾಳೆ. ಈ ಸರಣಿ ನನಗೆ ಹಿಡಿಸಿದ್ದೇ ಅವಳು. ಅವಳು ಪೂರ್ತಿ ಝೇಡನ್ ಪಕ್ಷ. “ಚಿಕ್ಕಮ್ಮ, ಅವನು ಕೇಳು ಕೇಳು ಅಂತ ಬಾಗಿಲು ತೆಗೆದಿಟ್ಟಿದ್ದಾನೆ. ಇವಳು ಕೇಳಬಹುದಿತ್ತಲ್ಲ?” ಅಂದಳು. ಏನಿದೆ ಅಂತಲೇ ಗೊತ್ತಿಲ್ಲದವಳು ಏನಂತ ಕೇಳುವುದು ಪುಟ್ಟಿ, ಅಂದೆ ನಾನು. ನಿಮಗೆ ಮೊದಲು ಮದುವೆ ಗೊತ್ತಾಗಿತ್ತಾ ಅಂತ ಯಾವ ಹುಡುಗಿ ಸುಮ್ನೆ ಕೇಳುತ್ತಾಳೆ? ಹೇಳಬೇಕಾದವರು ಹೇಳಬೇಕು. ಈ ವಿಷಯದಲ್ಲಿ ನಮ್ಮಿಬ್ಬರಿಗೆ ಇನ್ನೂ ರಾಜಿ ಆಗಿಲ್ಲ. ಅವಳ ವಯಸ್ಸಿನವರಿಗೆ ಆ ವಾದಗಳೇ ಪ್ರೀತಿಯ ಬಿಸಿ ಅನ್ನಿಸಬಹುದು. ದಿನವಿಡೀ ದುಡಿದು ಬಂದು ರಾತ್ರಿ ಪುಸ್ತಕ ತೆರೆಯುವ ನನಗೆ ಅದು ಬೇಡ. ಜೀನು ಮಾಡಿಸಿಕೊಟ್ಟ ಹುಡುಗ ಬೇಕು.

ಬಜೆಟ್ ಮಾತೂ ಹೇಳಬೇಕು. ಇಂಗ್ಲಿಷ್ ಪುಸ್ತಕಗಳಿಗೆ ತಿಂಗಳಿಗೆ ಇಷ್ಟೇ ಅಂತ ನಾನು ಮೊದಲೇ ತೆಗೆದಿಡುತ್ತೇನೆ. ಈ ಒಂದು ಪುಸ್ತಕ ಆ ತಿಂಗಳ ಹಣವನ್ನೆಲ್ಲ ತಿಂದಿತು. ಅಷ್ಟು ಕೊಟ್ಟ ಮೇಲೆ ನಡುವಿನ ನೂರಾರು ಪುಟ ಹಾರಿಸಿ ಓದಬೇಕು ಅನ್ನಿಸಿದರೆ ಬೇಸರ ಆಗುತ್ತದೆ. ಪುಸ್ತಕ ಎರಡು ಭಾಗವಾಗಿದೆ. ಮೊದಲ ಭಾಗ ಕಾಲೇಜಿನದು, ಎರಡನೆಯದು ಅರೇಟಿಯಾದ್ದು. ನಿಜ ಹೇಳಬೇಕೆಂದರೆ ಇವು ಎರಡು ಪುಸ್ತಕಗಳು. ಬೇರೆ ಬೇರೆ ಬಂದಿದ್ದರೆ ಎರಡಕ್ಕೂ ಒಳ್ಳೆಯದಾಗುತ್ತಿತ್ತು. ಗ್ರಿಫಿನ್ (ಹದ್ದಿನ ತಲೆ, ಸಿಂಹದ ಮೈ ಇರುವ ಪ್ರಾಣಿ) ಸವಾರರು ಬಂದ ಮೇಲೆ ಹೊಸ ಹೆಸರುಗಳು ಎಷ್ಟು ಅಂದರೆ, ನಾನು ಒಂದು ಚೀಟಿಯಲ್ಲಿ ಬರೆದುಕೊಂಡು ಪುಟಗಳ ನಡುವೆ ಇಟ್ಟುಕೊಂಡೆ. ಆ ಚೀಟಿ ಈಗಲೂ ಅಲ್ಲೇ ಇದೆ.

ಎರಡನೇ ಸಲ ಶುರು ಮಾಡಿದ್ದು ಮೂರನೇ ಪುಸ್ತಕ ‘ಆನಿಕ್ಸ್ ಸ್ಟಾರ್ಮ್’ ಬರುವ ಹೊತ್ತಿಗೆ. ಅದು 2025ರ ಜನವರಿ 21ಕ್ಕೆ ಬಂತು. ಅದಕ್ಕೆ ಮುಂಚೆ ಹಿಂದಿನದನ್ನು ನೆನಪು ಮಾಡಿಕೊಳ್ಳೋಣ ಅಂತ ಈ ಸಲ ಆಡಿಯೋ ಪುಸ್ತಕ ಹಾಕಿಕೊಂಡೆ. ರೆಬೆಕಾ ಸೋಲರ್ ಓದಿದ್ದಾರೆ. ಸಂಜೆ ಕುಕ್ಕರ್ ಇಟ್ಟು, ನೆಲದ ಮೇಲೆ ಪೇಪರ್ ಹರಡಿ, ಸೊಪ್ಪು ಬಿಡಿಸುತ್ತಾ ಕೇಳುವುದು. ಒಂದು ಕಿವಿಗೆ ಮಾತ್ರ ಇಯರ್‌ಫೋನ್. ಇನ್ನೊಂದು ಕಿವಿ ವಿಶಲ್‌ಗೆ. ದಂಟಿನ ಸೊಪ್ಪಾದರೆ ಬೇಗ ಮುಗಿಯುತ್ತದೆ. ಮೆಂತ್ಯ ಸೊಪ್ಪಾದರೆ ಪೂರ್ತಿ ಅಧ್ಯಾಯ ಕೇಳಬಹುದು. ಹಾಗಾಗಿ ಆ ತಿಂಗಳು ನಮ್ಮ ಮನೆಯಲ್ಲಿ ಮೆಂತ್ಯ ಸ್ವಲ್ಪ ಜಾಸ್ತಿಯೇ ಆಯಿತು. ಟೇರ್ನ್‌ನ ಗದರಿಕೆ ಕಿವಿಯಲ್ಲಿ ಕೇಳುವುದೇ ಒಂದು ಸುಖ. ಹಾಗೆ ಕೇಳುವಾಗ ಪುಸ್ತಕ ನನಗೆ ಬೇರೆ ಥರ ತೆರೆದುಕೊಂಡಿತು.

ಮೊದಲು ಕಂಡದ್ದು ವಯಲೆಟ್‌ನ ಇನ್ನೊಂದು ಡ್ರ್ಯಾಗನ್ ಆಂಡಾರ್ನಾ. ಮೊದಲ ಪುಸ್ತಕದ ಚಿನ್ನದ ಬಣ್ಣದ ಮರಿ ಇಲ್ಲಿ ಹದಿಹರೆಯಕ್ಕೆ ಬಂದಿದ್ದಾಳೆ. ಮುನಿಸು, ಅವಸರ, ಎಲ್ಲರಿಗೂ ಎದುರು ಮಾತು. ಆದರೆ ಅವಳ ಒಂದು ರೆಕ್ಕೆ ಸರಿಯಾಗಿ ಬೆಳೆದಿಲ್ಲ. ಪೂರ್ತಿ ಬಿಚ್ಚಲು ಆಗುವುದಿಲ್ಲ. ಯಾವತ್ತೂ ಸವಾರರನ್ನು ಹೊತ್ತು ಹಾರಲಾರಳು. ದೂರ ಹೋಗುವಾಗ ಟೇರ್ನ್ ಮೈಗೆ ಕಟ್ಟಿದ ಪಟ್ಟಿಗೆ ಸಿಕ್ಕಿಸಿಕೊಂಡು ಅವನ ಜೊತೆ ಹೋಗಬೇಕು. ವಯಲೆಟ್‌ಗೆ ಜೀನು, ಇವಳಿಗೆ ಪಟ್ಟಿ. ಈ ಪಟ್ಟಿ ತೊಡುವುದಕ್ಕೆ ಅವಳಿಗೆ ಎಷ್ಟು ಸಿಟ್ಟು, ಎಷ್ಟು ಅವಮಾನ! ಅವಳನ್ನು ಒಪ್ಪಿಸುವ ವಯಲೆಟ್‌ಗೆ ಆ ಅವಮಾನ ಏನು ಅಂತ ಗೊತ್ತು. ನನಗೂ ಗೊತ್ತು. ಮೊದಲ ಸಲ ಬ್ಯಾಂಡೇಜ್ ಪ್ಯಾಂಟಿನ ಹೊರಗೆ ಕಾಣುವ ಹಾಗೆ ಕಟ್ಟಿಕೊಂಡು ಆಫೀಸಿಗೆ ಹೋದ ದಿನ ಎಲ್ಲರೂ ಅದನ್ನೇ ನೋಡುತ್ತಿದ್ದಾರೆ ಅನ್ನಿಸಿತ್ತು. ನಾನು ಝೇಡನ್‌ನಲ್ಲಿ ಹುಡುಕುತ್ತಿದ್ದ ಆರೈಕೆ ಇಲ್ಲಿತ್ತು, ಎರಡು ಡ್ರ್ಯಾಗನ್‌ಗಳ ಮತ್ತು ಒಬ್ಬ ಹುಡುಗಿಯ ನಡುವೆ.

ಆಮೇಲೆ ಕಂಡದ್ದು ವಯಲೆಟ್‌ನ ಅಮ್ಮ. ಜನರಲ್ ಲಿಲಿತ್ ಸೊರೆನ್‌ಗೇಲ್. ಮೊದಲ ಓದಿನಲ್ಲಿ ನನಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಮೈ ಗಟ್ಟಿಯಿಲ್ಲದ ಮಗಳನ್ನು, ಗ್ರಂಥಪಾಲಕಿ ಆಗಬೇಕಿದ್ದವಳನ್ನು, ಸಾಯುವ ಜಾಗಕ್ಕೆ ತಳ್ಳಿದ ಹೆಂಗಸು. ಮಾತಿನಲ್ಲಿ ಒಂದು ಹನಿ ಪ್ರೀತಿ ಇಲ್ಲ. ಮಗಳು ಎದುರಿಗೆ ಬಂದರೂ ಜನರಲ್ ಆಗಿಯೇ ನಿಲ್ಲುತ್ತಾಳೆ. ಆದರೆ ಈ ಪುಸ್ತಕದ ಕೊನೆಕೊನೆಗೆ ಒಂದು ವಿಷಯ ಹೊರಬರುತ್ತದೆ. ಝೇಡನ್‌ನಂಥ ದಂಗೆಕೋರರ ಮಕ್ಕಳಿಗೆ ಸವಾರರಾಗಲು ಅವಕಾಶ ಕೊಡುವಾಗ ಲಿಲಿತ್ ಝೇಡನ್ ಜೊತೆ ಒಪ್ಪಂದ ಮಾಡಿಕೊಂಡಿದ್ದಳು. ಆ ಋಣಕ್ಕೆ ಅವಳು ಕೇಳಿದ್ದು, ನನ್ನ ಮಗಳನ್ನು ಬದುಕಿಸು ಅಂತ.

ಇದು ಗೊತ್ತಿದ್ದು ಎರಡನೇ ಸಲ ಕೇಳಿದಾಗ ಆ ತಣ್ಣನೆಯ ಮಾತುಗಳೆಲ್ಲ ಬೇರೆಯಾಗಿ ಕೇಳಿದವು. ಆಕೆಯೂ ಹೇಳಲಿಲ್ಲ. ಮಾಡಿದಳು. ಕೊನೆಯಲ್ಲಿ, ದೇಶವನ್ನು ಕಾಯುವ ಮಾಯಾ ರಕ್ಷಣೆಯ ಕಾವಲು ಕಲ್ಲಿಗೆ ತನ್ನ ಶಕ್ತಿಯನ್ನೆಲ್ಲ ಸುರಿಯಲು ವಯಲೆಟ್ ಮುಂದಾಗುತ್ತಾಳೆ. ಅದರಿಂದ ಅವಳು ಸಾಯುವುದು ಖಚಿತ. ಆಗ ಲಿಲಿತ್ ಮಗಳ ಜಾಗಕ್ಕೆ ತಾನು ಹೋಗುತ್ತಾಳೆ. ಅವಳ ಮೂರೂ ಮಕ್ಕಳು ಅಲ್ಲೇ ಇದ್ದಾರೆ. ಆ ಅಧ್ಯಾಯ ಬಂದಾಗ ನಾನು ಸೊಪ್ಪು ಪಕ್ಕಕ್ಕಿಟ್ಟು ಗೋಡೆಗೆ ಒರಗಿ ಕೂತೆ. ಕುಕ್ಕರ್ ಎಷ್ಟು ಕೂಗಿತೋ ಲೆಕ್ಕ ತಪ್ಪಿತು. ಆ ಹೊತ್ತಿನಲ್ಲಿ ಲಿಲಿತ್ ದೊಡ್ಡ ಭಾಷಣ ಮಾಡುವುದಿಲ್ಲ. ಬರೆದವರು ಅಲ್ಲಿ ಬಹಳ ಸಂಯಮ ತೋರಿಸಿದ್ದಾರೆ. ಇದೇ ಸಂಯಮ ಪ್ರೇಮಿಗಳ ಕೋಣೆಯಲ್ಲಿ ಯಾಕೆ ಇರಲಿಲ್ಲ ಅಂತ ಹೊಟ್ಟೆ ಉರಿಯಿತು.

ಇನ್ನೊಂದು ಭಾಗವನ್ನು ಹೇಳದಿರಲು ಆಗುವುದಿಲ್ಲ. ಕಾಲೇಜಿನ ಉಪ ಕಮಾಂಡೆಂಟ್ ವಾರಿಶ್ ವಯಲೆಟ್ ಅನ್ನು ಹಿಡಿದು ದಿನಗಟ್ಟಲೆ ಹಿಂಸಿಸುವಾಗ, ಸತ್ತುಹೋದ ಗೆಳೆಯ ಲಿಯಮ್ ಕತ್ತಲ ಕೋಣೆಯಲ್ಲಿ ಅವಳ ಪಕ್ಕ ಬಂದು ಕೂರುತ್ತಾನೆ. ಭ್ರಮೆ ಅಂತ ಅವಳಿಗೂ ಗೊತ್ತು. ಆದರೂ ಮಾತಾಡುತ್ತಾಳೆ. ನೋವು ವಿಪರೀತ ಆದಾಗ ಮನಸ್ಸು ತನಗೆ ಬೇಕಾದವರನ್ನು ಕರೆದುಕೊಳ್ಳುತ್ತದೆ. ಮೊದಲ ಪುಸ್ತಕದಲ್ಲಿ ಲಿಯಮ್‌ಗಾಗಿ ಅತ್ತವರಿಗೆ ಈ ಪುಟಗಳೇ ಸಾಕು, ಕೊಟ್ಟ ದುಡ್ಡು ಬಂತು ಅನ್ನಿಸುತ್ತದೆ. ಗೆಳತಿ ಜೆಸಿನಿಯಾ ಸನ್ನೆ ಭಾಷೆಯಲ್ಲಿ ಮಾತಾಡುತ್ತಾ ಗ್ರಂಥಾಲಯದ ನಿಷಿದ್ಧ ಪುಸ್ತಕಗಳನ್ನು ಕದ್ದು ತಂದುಕೊಡುವ ಭಾಗವೂ ನನಗೆ ತುಂಬಾ ಇಷ್ಟ. ಯುದ್ಧಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಚೆನ್ನಾಗಿವೆ, ಉದ್ದ ಇವೆ.

ಝೇಡನ್ ಬಗ್ಗೆ ಕಠಿಣವಾಗಿ ಬರೆದೆ. ಕೊನೆಯ ಅಧ್ಯಾಯ ಅವನದೇ ಧ್ವನಿಯಲ್ಲಿದೆ. ಆಡಿಯೋದಲ್ಲಿ ಅಲ್ಲಿಗೆ ಓದುವ ದನಿಯೂ ಬದಲಾಗುತ್ತದೆ, ಟೆಡ್ಡಿ ಹ್ಯಾಮಿಲ್ಟನ್ ಬರುತ್ತಾರೆ. ಬೇರೆ ದಾರಿ ಉಳಿಯದಾಗ ಅವನು ನೆಲದಿಂದ ಶಕ್ತಿ ಎಳೆದುಕೊಳ್ಳುತ್ತಾನೆ. ಯಾವುದರ ವಿರುದ್ಧ ಇಷ್ಟು ದಿನ ಹೋರಾಡಿದನೋ ಅದೇ ಆಗುತ್ತಾನೆ. ವಾದ ಇಲ್ಲ, ವಿವರಣೆ ಇಲ್ಲ. ಆ ಕೆಲವು ಪುಟಗಳಲ್ಲಿ ನನ್ನ ಹಳೆಯ ಝೇಡನ್ ಕಂಡ. ಅಷ್ಟೂ ಪುಟ ಕಾದದ್ದಕ್ಕೆ ಸಿಕ್ಕಿದ್ದು ಇಷ್ಟು. ಖುಷಿಯೂ ಆಯಿತು, ಇಷ್ಟು ತಡ ಮಾಡಿದರಲ್ಲ ಅಂತ ಕೋಪವೂ ಬಂತು.

ಕೊಳ್ಳುವವರಿಗೆ ನನ್ನ ಸಲಹೆ. ಪ್ರೇಮಕ್ಕಾಗಿ ಮಾತ್ರ ಓದುವವರು ಗೆಳೆಯರಿಂದ ಇಸಕೊಂಡು ಓದಿ, ದುಡ್ಡು ಹಾಕಬೇಡಿ. ವಯಲೆಟ್‌ನ ಮನೆಯವರಿಗಾಗಿ, ಡ್ರ್ಯಾಗನ್‌ಗಳಿಗಾಗಿ ಓದುವವರು ಧೈರ್ಯವಾಗಿ ಕೊಳ್ಳಿ. ಸಾಧ್ಯವಾದರೆ ‘ಆನಿಕ್ಸ್ ಸ್ಟಾರ್ಮ್’ ಕೈಯಲ್ಲಿ ಇಟ್ಟುಕೊಂಡೇ ಶುರು ಮಾಡಿ. ಈ ಕೊನೆ ಓದಿ ಒಂದು ವರ್ಷಕ್ಕಿಂತ ಹೆಚ್ಚು ಕಾದ ಕಷ್ಟ ನಿಮಗೆ ಬೇಡ. ಮೂರನೆಯದರಲ್ಲಿ ಆ ಜಗಳ ಬಹಳ ಕಡಿಮೆ ಆಗಿದೆ. ಇಬ್ಬರೂ ಒಂದೇ ಕಡೆ ನಿಂತು ಕಷ್ಟ ಎದುರಿಸುತ್ತಾರೆ. ಅದನ್ನು ಓದಿದ ಮೇಲೆ ‘ಐರನ್ ಫ್ಲೇಮ್’ ಮೇಲಿನ ಸಿಟ್ಟು ಸ್ವಲ್ಪ ಇಳಿಯಿತು, ಪೂರ್ತಿ ಹೋಗಿಲ್ಲ.

ಒಟ್ಟು ಐದು ಪುಸ್ತಕ ಅಂತ ಲೇಖಕಿ ಹೇಳಿದ್ದಾರೆ. ನಾಲ್ಕನೆಯದಕ್ಕೆ ಮಾತ್ರ ನಾನು ಮುಂಗಡ ಬುಕ್ ಮಾಡುವುದಿಲ್ಲ. ಅಕ್ಕನ ಮಗಳು ಹೇಗೂ ಮೊದಲ ದಿನವೇ ತರುತ್ತಾಳೆ. ಅವಳು ಓದಿ ಮುಗಿಸಲಿ. ಕಥೆ ಹೇಳಬೇಡ ಅನ್ನುತ್ತೇನೆ. ಆ ಇಬ್ಬರು ಮತ್ತೆ ಕೂತು ಅದೇ ಜಗಳ ಆಡುತ್ತಾರಾ ಅಂತ ಮಾತ್ರ ಕೇಳುತ್ತೇನೆ. ಇಲ್ಲ ಅಂದರೆ ಅವತ್ತೇ ಅಂಗಡಿಗೆ ಹೋಗುತ್ತೇನೆ.