ಇಬ್ಬರು ಮೇಷ್ಟ್ರ ಶಾಲೆಯಲ್ಲಿ ಆಫೀಸು ಯಾವಾಗ?

ಶಿಕ್ಷಣ ಹಕ್ಕು ಕಾಯ್ದೆ (2009) ಪ್ರಕಾರ ಒಂದರಿಂದ ಐದನೇ ತರಗತಿಯ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರೇ ಶಿಕ್ಷಕರು. ಪ್ರತ್ಯೇಕ ಮುಖ್ಯ ಶಿಕ್ಷಕರು ಬೇಕೆಂದರೆ ಮಕ್ಕಳು 150 ದಾಟಬೇಕು. ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಅಷ್ಟು ಮಕ್ಕಳು ಎಲ್ಲಿ? ಇಬ್ಬರಲ್ಲಿ ಸೀನಿಯರ್ ಆದವರೇ ಪ್ರಭಾರಿ ಎಚ್‌ಎಂ. ಆ ಪ್ರಭಾರವನ್ನು ನಾನು ಎರಡು ರೀತಿಯಲ್ಲಿ ನಡೆಸಿ ನೋಡಿದ್ದೇನೆ.

ಮೊದಲನೆಯದು ಎಲ್ಲರೂ ಮಾಡುವ ರೀತಿ. ಜೊತೆಯ ಮೇಡಂಗೆ ಒಂದರಿಂದ ಮೂರರ ನಲಿಕಲಿ, ಅಂದರೆ ಮಕ್ಕಳು ಗುಂಪುಗಳಲ್ಲಿ ಕೂತು ಕಾರ್ಡುಗಳಿಂದ ಕಲಿಯುವ ಪದ್ಧತಿ. ನನಗೆ ನಾಲ್ಕು, ಐದು ಮತ್ತು ಪೂರ್ತಿ ಆಫೀಸು. ನಲಿಕಲಿ ಚೆನ್ನಾಗಿಯೇ ನಡೆಯಿತು, ಪೆಟ್ಟು ಬಿದ್ದದ್ದು ದೊಡ್ಡ ಮಕ್ಕಳಿಗೆ. ಹಾಲು, ಬಿಸಿಯೂಟದ ದಾಸ್ತಾನು, ಯಾರಿಗೆ ಮೊಟ್ಟೆ ಯಾರಿಗೆ ಬಾಳೆಹಣ್ಣು ಎಂಬ ಲೆಕ್ಕ, ಎಸ್‌ಎಟಿಎಸ್ (ಮಕ್ಕಳ ಮಾಹಿತಿಯ ಆನ್‌ಲೈನ್ ದಾಖಲೆ) ಎಂಟ್ರಿ. ಅದರ ಮಧ್ಯೆ ವಾಟ್ಸ್ಆ್ಯಪ್‌ನಲ್ಲಿ 'ತುರ್ತು ಮಾಹಿತಿ'. ಭಾಗಾಕಾರ ಶುರು ಮಾಡಿ ಅರ್ಧಕ್ಕೆ ಬಿಟ್ಟು, ಕಾಪಿ ಬರೆಯಿರಿ ಅಂತ ಹೇಳಿ ಹೋಗುವುದೇ ಆಯಿತು. ಇನ್ನೊಂದು ತೊಂದರೆಯೂ ಇತ್ತು. ನಾನು ತರಬೇತಿಗೆ ಹೋದ ದಿನ ಯಾವ ರಿಜಿಸ್ಟರ್ ಎಲ್ಲಿದೆ ಅಂತ ಮೇಡಂಗೆ ಗೊತ್ತಿರುತ್ತಿರಲಿಲ್ಲ.

ಎರಡನೆಯದರಲ್ಲಿ ಆಳಿನ ಬದಲು ಹೊತ್ತನ್ನು ಹಂಚಿಕೊಂಡೆವು. ಊಟದ ಬೆಲ್ ಆಗುವವರೆಗೆ ಇಬ್ಬರೂ ಪಾಠ ಮಾತ್ರ. ಹಾಜರಿ, ಹಾಲು, ಅಡುಗೆಯವರಿಗೆ ಅಕ್ಕಿ ಅಳೆದು ಕೊಡುವುದು ಇಷ್ಟನ್ನು ಮುಂದೂಡಲು ಆಗಲ್ಲ, ಅದನ್ನು ಪ್ರಾರ್ಥನೆಯ ಆಸುಪಾಸಿನಲ್ಲೇ ಮುಗಿಸುವುದು. ಮಧ್ಯಾಹ್ನ ಒಬ್ಬರು ಎಲ್ಲ ಮಕ್ಕಳನ್ನೂ ಸೇರಿಸಿಕೊಂಡು ಕಥೆ, ಚಿತ್ರ, ಆಟ ಅಂತ ನಡೆಸಿದರೆ ಇನ್ನೊಬ್ಬರು ಆಫೀಸು. ಮರುದಿನ ಅದಲುಬದಲು. ಬಿಸಿಯೂಟದ ಪುಸ್ತಕಗಳನ್ನು ಮೇಡಂ ವಹಿಸಿಕೊಂಡರು. ಸಹಿ, ಹೊಣೆ ಮಾತ್ರ ನನ್ನದೇ.

ಗಣಿತಕ್ಕೆ ಬೆಳಗಿನ ಹೊತ್ತು ಪೂರ್ತಿ ಸಿಕ್ಕಿತು. ಐದನೆಯವರ ಭಾಗಾಕಾರ ಕೊನೆಗೂ ದಡ ಸೇರಿತು. ಆದರೆ ಮಾಹಿತಿ ತಡವಾಗಿ ಹೋಗುತ್ತಿತ್ತು, ಮೇಲಿನಿಂದ ಫೋನಿನಲ್ಲಿ ಬೈಗುಳವೂ ಬರುತ್ತಿತ್ತು. ಮಧ್ಯಾಹ್ನದ ಕಥೆಯ ಹೊತ್ತಿನಲ್ಲಿ ಐದನೆಯವರಿಗೆ ಬೇಜಾರಾಗುವುದೂ ನಿಜ.

ಒಬ್ಬರು ರಜೆ ಹಾಕಿದರೆ ಎರಡೂ ರೀತಿ ಕುಸಿಯುತ್ತವೆ, ಆದರೆ ಎಲ್ಲ ಮಕ್ಕಳಿಗೂ ಒಂದೇ ತರಹ ಅಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿಕಲಿಯಲ್ಲಿ ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ಮೈಲಿಗಲ್ಲಿನಲ್ಲಿ, ಅಂದರೆ ಕಲಿಕೆಯ ಹಂತದಲ್ಲಿ, ಸಾಗುತ್ತಾರೆ. ಸ್ವಂತವಾಗಿ ಕಲಿಯುವ ತಟ್ಟೆಯವರು (ತಟ್ಟೆ ಅಂದರೆ ಮಕ್ಕಳ ಗುಂಪು) ಮೇಷ್ಟ್ರು ಇಲ್ಲದಿದ್ದರೂ ಒಂದಷ್ಟು ಹೊತ್ತು ನಡೆಸುತ್ತಾರೆ. ಶಿಕ್ಷಕರ ಪಕ್ಕದಲ್ಲೇ ಕೂರಬೇಕಾದ ಮೊದಲ ತಟ್ಟೆಯವರು ಸುಮ್ನೆ ಕೂತಿರುತ್ತಾರೆ. ಮೇಷ್ಟ್ರ ರಜೆ ನಲಿಕಲಿಯಲ್ಲಿ ಯಾರ ಪಾಠ ತಿನ್ನುತ್ತದೆ ಅಂತ ನೋಡಬೇಕಾದರೆ ಆ ತಟ್ಟೆ ನೋಡಿದರೆ ಸಾಕು.

ಪ್ರತ್ಯೇಕ ಎಚ್‌ಎಂ ಇದ್ದ ಹಿರಿಯ ಪ್ರಾಥಮಿಕ ಶಾಲೆಯಲ್ಲೂ ಕೆಲಸ ಮಾಡಿದ್ದೇನೆ. ಕಾಗದಪತ್ರ ಅಚ್ಚುಕಟ್ಟು, ನಮಗೆ ನಿರಾಳ. ಆದರೆ ಅವರು ಕುರ್ಚಿ ಬಿಟ್ಟು ತರಗತಿಯೊಳಗೆ ಬಂದದ್ದು ಕಡಿಮೆ. ಎಚ್‌ಎಂ ಇದ್ದ ಮಾತ್ರಕ್ಕೆ ಓದು ಸುಧಾರಿಸುತ್ತೆ ಅಂತ ನನಗಂತೂ ಅನಿಸಿಲ್ಲ.

ಇಬ್ಬರಿರುವ ಶಾಲೆಗೆ ನನ್ನ ಓಟು ಎರಡನೆಯದಕ್ಕೇ. ಒಬ್ಬರೇ ಇದ್ದರೆ ಇದ್ಯಾವುದೂ ನಡೆಯಲ್ಲ, ಮೊದಲು ಅತಿಥಿ ಶಿಕ್ಷಕರನ್ನು ಕೇಳಿ. ಶುರು ಮಾಡುವ ಮುಂಚೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ವಿಷಯ ಇಡಿ. ಟಿಸಿ, ವ್ಯಾಸಂಗ ಪ್ರಮಾಣಪತ್ರಕ್ಕೆ ಬೆಳಿಗ್ಗೆಯೇ ಬಂದು ನಿಲ್ಲುವವರಿಗೆ 'ಊಟದ ಮೇಲೆ ಬನ್ನಿ' ಅಂತ ಅಧ್ಯಕ್ಷರಿಂದಲೇ ಹೇಳಿಸಿದರೆ ಜಗಳ ಕಡಿಮೆ.