ಹಗ್ಗದ ಹಾಲ್ಟರ್ ಮತ್ತು ಹನ್ನೆರಡಡಿ ಲೀಡ್: ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು

ಕುದುರೆ ಸಾಮಾನಿನ ಅಂಗಡಿಗಳಲ್ಲಿ ‘ನ್ಯಾಚುರಲ್ ಹಾರ್ಸ್‌ಮನ್‌ಶಿಪ್ ಸೆಟ್’ ಎಂದು ಮಾರುವುದರೊಳಗೆ ಮುಖ್ಯವಾಗಿ ಎರಡೇ ವಸ್ತು. ಬಕಲ್ಲು, ಬಳೆ ಯಾವುದೂ ಇಲ್ಲದೆ ಒಂದೇ ಹುರಿಯಲ್ಲಿ ಗಂಟು ಹಾಕಿ ಮಾಡಿದ ಹಾಲ್ಟರ್, ಅಂದರೆ ಕುದುರೆಯ ತಲೆಗೆ ತೊಡಿಸುವ ಕಡಿವಾಣವಿಲ್ಲದ ಮುಖಗಟ್ಟು, ಮತ್ತು ಅದರ ಗಲ್ಲದ ಕುಣಿಕೆಗೆ ಸೇರಿಸಿ ಕುದುರೆಯನ್ನು ನಡೆಸುವ ಹನ್ನೆರಡು ಅಡಿಯ ದಪ್ಪ ಹಗ್ಗ, ಅದೇ ಲೀಡ್. ನೋಡಲು ಎಲ್ಲ ಕಂಪನಿಯದ್ದೂ ಒಂದೇ ಥರ. ಕುದುರೆಯ ಮೂಗಿಗೆ ಮಾತ್ರ ಒಂದೊಂದೂ ಬೇರೆ. ಇವನ್ನು ಅಳೆಯಲು ನಮಗಿರುವ ಅಳತೆಗೋಲು ಒಂದೇ: ಕೈ ಸಡಿಲಿಸಿದ ಕೂಡಲೇ ಮೂಗಿನ ಮೇಲಿನ ಒತ್ತಡ ಎಷ್ಟು ಬೇಗ ಇಲ್ಲವಾಗುತ್ತದೆ?

ನ್ಯಾಚುರಲ್ ಹಾರ್ಸ್‌ಮನ್‌ಶಿಪ್ ಎಂಬ ಈ ಕುದುರೆ ಪಳಗಿಸುವ ಪದ್ಧತಿ ಬೆಳೆದದ್ದು ಅಮೆರಿಕದ ಪಶ್ಚಿಮದ ದನಗಾಹಿಗಳ ನಡುವೆ. ಟಾಮ್ ಡೊರೆನ್ಸ್ (1910–2003), ರೇ ಹಂಟ್ (1929–2009) ಅದನ್ನು ಜನರಿಗೆ ತಲುಪಿಸಿದವರಲ್ಲಿ ಹಿರಿಯರು. ಅದರ ತಿರುಳು ಇಷ್ಟು: ಒತ್ತಡ ಕುದುರೆಗೆ ‘ಏನಾದರೂ ಮಾಡು’ ಎನ್ನುತ್ತದೆ, ಮಾಡಿದ್ದು ಸರಿ ಎಂದು ಹೇಳುವುದು ಒತ್ತಡ ನಿಂತ ಆ ಗಳಿಗೆ. ಒಂದೆರಡು ಸೆಕೆಂಡು ತಡವಾದರೆ ಅಷ್ಟರಲ್ಲಿ ಅದು ಮಾಡಿದ ಬೇರೇನನ್ನೋ ಸರಿಯೆಂದು ಕಲಿಯುತ್ತದೆ. ಆದ್ದರಿಂದ ಮೂಗಿಗೆ ಅಂಟಿಕೊಂಡೇ ಇರುವ ಹಾಲ್ಟರ್ ಎಷ್ಟೇ ಮೆತ್ತಗಿದ್ದರೂ ಈ ಕೆಲಸಕ್ಕೆ ಬಾರದು.

ಮೊದಲು ಹುರಿ. 6 ಮಿ.ಮೀ. ದಪ್ಪದ, ಕೊಂಚ ಗಡುಸಾದ ಪಾಲಿಯೆಸ್ಟರ್ ಹೆಣಿಗೆ ನಮ್ಮ ಆಯ್ಕೆ. ಅಂಗಡಿಯಲ್ಲೇ ಪರೀಕ್ಷಿಸಬಹುದು: ಮೂಗಿನ ಕುಣಿಕೆಯನ್ನು ಅಂಗೈಯಲ್ಲಿ ಹಿಸುಕಿ ಬಿಡಿ. ತಾನಾಗಿ ಅರಳಿದರೆ ಕೊಳ್ಳಿ, ಹಿಸುಕಿದಂತೆಯೇ ಬಿದ್ದುಕೊಂಡರೆ ಬಿಡಿ. ಮೆತ್ತನೆಯ ಹುರಿ ಕೈಗೆ ಹಿತ, ಆದರೆ ಎಳೆದ ಮೇಲೆ ಮುಖಕ್ಕೆ ಅಂಟಿಕೊಂಡೇ ಇರುತ್ತದೆ. 4 ಮಿ.ಮೀ.ನ ತೆಳು ಹುರಿಯನ್ನು ‘ಹಗುರ’ ಎಂದು ಹೊಗಳಿ ಮಾರುತ್ತಾರೆ. ಅದೇ ಎಳೆತ ಇನ್ನೂ ಕಿರಿದಾದ ಜಾಗದ ಮೇಲೆ ಬಿದ್ದರೆ ಹೆಚ್ಚು ಕೊರೆಯುತ್ತದೆ, ಅಷ್ಟೆ. ಮೂಗಿನ ಮೇಲೆ ಹೆಚ್ಚುವರಿ ಗಂಟುಗಳಿರುವ ಮಾದರಿಯೂ ಬೇಡ. ಕಣ್ಣಿನ ಕೆಳಗೆ, ಮುಖದ ಎಲುಬಿನ ರಂಧ್ರದಿಂದ ಹೊರಬರುವ ನರ ಆ ಭಾಗದಲ್ಲೇ ಹಾದುಹೋಗುತ್ತದೆ. ಗಂಟು ಅಲ್ಲಿ ಉಜ್ಜಿದರೆ ಕುದುರೆಗೆ ಆಗುವುದು ನೋವು, ಪಾಠವಲ್ಲ.

ಲೀಡ್ ಹಗ್ಗದಲ್ಲಿ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ದೋಣಿಗೆ ಬಳಸುವಂಥ, ಒಳಗೊಂದು ಹೊರಗೊಂದು ಹೆಣಿಗೆಯಿರುವ 14 ಮಿ.ಮೀ. ಪಾಲಿಯೆಸ್ಟರ್ ಹಗ್ಗಕ್ಕೆ ಒಳ್ಳೆಯ ತೂಕವಿದೆ. ಆ ತೂಕವೇ ಅದರ ಗುಣ. ಕೈ ಎತ್ತಿದಾಗ ಬಿಗಿಯಾಗುವ ಮೊದಲೇ ಗಲ್ಲದ ಕೆಳಗಿನ ಭಾರ ಬದಲಾಗುತ್ತದೆ, ಕುದುರೆಗೆ ಮುನ್ಸೂಚನೆ ಸಿಗುತ್ತದೆ. ಕೈ ಬಿಟ್ಟಾಗ ಹಗ್ಗ ತನ್ನ ಭಾರಕ್ಕೆ ತಾನೇ ಜೋತುಬಿದ್ದು ಹಾಲ್ಟರನ್ನು ಸಡಿಲಿಸುತ್ತದೆ. ಅಗ್ಗದ ಸೆಟ್ಟುಗಳಲ್ಲಿ ಬರುವ ಪಾಲಿಪ್ರೊಪಿಲೀನ್ ಹಗ್ಗ ಹಗುರ. ಜೋತುಬೀಳುವುದಿಲ್ಲ, ಅಲುಗಿಸಿದ ಅಲೆ ಅರ್ಧ ದಾರಿಯಲ್ಲೇ ಸಾಯುತ್ತದೆ, ಬಿಸಿಲಿಗೆ ಸವೆದು ಮುಳ್ಳೆದ್ದು ಅಂಗೈ ಸುಡುತ್ತದೆ. ಹತ್ತಿಯ ಹಗ್ಗ ಕೈಗೆ ತುಂಬ ಚೆನ್ನ. ಆದರೆ ಮಳೆಗಾಲದಲ್ಲಿ ನೀರು ಕುಡಿದು ಭಾರವಾಗುತ್ತದೆ, ಒಣಗದೆ ಬೂಷ್ಟು ಹಿಡಿಯುತ್ತದೆ.

ಹನ್ನೆರಡು ಅಡಿ ಸುಮ್ಮನೆ ಹುಟ್ಟಿದ ಲೆಕ್ಕವಲ್ಲ. ಕುದುರೆ ಬೆಚ್ಚಿದಾಗ ಹಗ್ಗ ಬಿಡದೆ ಅದರ ಹಿಂಗಾಲಿನ ಅಳವಿನಿಂದ ದೂರ ಸರಿಯಲು ಅಷ್ಟು ಬೇಕು. ಸುತ್ತು ಹಾಕಿಸಲು 22 ಅಡಿಯದ್ದು ಬೇರೆ ಇದೆ. ಹೊಸಬರು ಅದರಿಂದ ಆರಂಭಿಸಿದರೆ ಕಾಲಿಗೆ ಸುತ್ತಿಕೊಳ್ಳುವುದೇ ಹೆಚ್ಚು. ಉದ್ದ ಎಷ್ಟೇ ಇರಲಿ, ಕೈಗೆ ಸುತ್ತಿಕೊಳ್ಳಬೇಡಿ. ಮಡಿಕೆ ಮಡಿಕೆಯಾಗಿ ಅಂಗೈಯಲ್ಲಿ ಹಿಡಿಯಿರಿ.

ಹಗ್ಗದ ತುದಿಗೆ ಹಿತ್ತಾಳೆಯ ದಪ್ಪ ಕೊಂಡಿ ಇರುವ ಮಾದರಿ ಹಾಕಿ ತೆಗೆಯಲು ಸುಲಭ. ಹಗ್ಗ ಜೋರಾಗಿ ಅಲುಗಿಸಿದರೆ ಅದೇ ಕೊಂಡಿ ದವಡೆಯ ಎಲುಬಿಗೆ ಬಡಿಯುತ್ತದೆ. ಕುಣಿಕೆಗೆ ಕುಣಿಕೆ ಪೋಣಿಸುವ ಮಾದರಿಯನ್ನೇ ನಾವು ಹೇಳುವುದು. ಬದಲಾಯಿಸಲು ಅರ್ಧ ನಿಮಿಷ ಹೆಚ್ಚು ಬೇಕು, ಬೇಕಾದರೆ ಬೇಕಾಗಲಿ.

ಎಷ್ಟು ಒಳ್ಳೆಯ ಹಾಲ್ಟರನ್ನೂ ತಪ್ಪಾಗಿ ತೊಡಿಸಿ ಕೆಡಿಸಬಹುದು. ಮೂಗಿನ ಪಟ್ಟಿ ಕೂರಬೇಕಾದ್ದು ಗಟ್ಟಿ ಎಲುಬಿನ ಮೇಲೆ, ಕಣ್ಣು ಮತ್ತು ಹೊಳ್ಳೆಯ ಸುಮಾರು ನಡುವೆ. ಕೆಳಗಿಳಿದರೆ ಎಲುಬು ತೆಳುವಾಗಿ ಮೃದ್ವಸ್ಥಿ ಶುರುವಾಗುತ್ತದೆ, ಅಲ್ಲಿ ಪೆಟ್ಟಾಗುತ್ತದೆ. ಗಂಟಲ ಗಂಟು ದವಡೆಯ ಹಿಂದೆ ಬರಬೇಕು, ಅದರ ಮೇಲಲ್ಲ. ನೆತ್ತಿಯ ಹಿಂದಿನಿಂದ ಬಂದ ಹುರಿಯ ಬಾಲವನ್ನು ಎಡಗಡೆಯ ಕುಣಿಕೆಯೊಳಗೆ ತೂರಿಸಿ ಮೇಲಕ್ಕೆಳೆದು, ಕುಣಿಕೆಯ ಕತ್ತನ್ನೇ ಹಿಂದಿನಿಂದ ಬಳಸಿ, ತನ್ನದೇ ಎಳೆಯ ಅಡಿಯಲ್ಲಿ ಸಿಕ್ಕಿಸಬೇಕು. ತುದಿ ಕಣ್ಣಿನ ಕಡೆಗಲ್ಲ, ಹಿಂದಕ್ಕೆ ನೋಡುತ್ತಿರಬೇಕು. ಬಹಳ ಜನ ಕುಣಿಕೆಯ ಮೇಲಿರುವ ಹುರಿಗೆ ಗಂಟು ಹಾಕುತ್ತಾರೆ. ಅದು ಎಳೆತಕ್ಕೆ ಜಾರಿ ಕಗ್ಗಂಟಾಗುತ್ತದೆ, ಆಮೇಲೆ ಚಾಕುವೇ ಗತಿ.

ಕಿವಿಯ ಮೇಲಿಂದ ತೂರಿಸುವ ಅಗತ್ಯ ಇಲ್ಲದಿರುವುದು ಈ ಹಾಲ್ಟರಿನ ದೊಡ್ಡ ಅನುಕೂಲ. ತುದಿ ಒಳಕ್ಕೆ ಬಾಗಿದ ಕಿವಿಯ ಮಾರವಾಡಿ, ಕಾಠಿಯಾವಾಡಿ ಕುದುರೆಗಳಲ್ಲಿ ಕಿವಿ ಮುಟ್ಟಿಸಿಕೊಳ್ಳದವು ಸಿಕ್ಕರೆ ಇದರ ಬೆಲೆ ಗೊತ್ತಾಗುತ್ತದೆ.

ಕೆಲಸಕ್ಕೆ ಹಚ್ಚುವಾಗ ಮೊದಲ ಪಾಠ ತಲೆ ತಗ್ಗಿಸುವುದು. ಗಲ್ಲದ ಗಂಟನ್ನು ಎರಡು ಬೆರಳಲ್ಲಿ ಹಿಡಿದು ಕೆಳಕ್ಕೆ ಹಗುರಾಗಿ ಭಾರ ಕೊಡಿ, ಹಾಗೇ ಕಾಯಿರಿ. ತಲೆ ಒಂದಂಗುಲ ಇಳಿದರೂ ಸಾಕು, ಬೆರಳು ಬಿಚ್ಚಿ. ಕುದುರೆ ತಲೆ ಮೇಲಕ್ಕೆತ್ತಿದಾಗ ಬಿಟ್ಟರೆ ನೀವು ಕಲಿಸಿದ್ದು ತಲೆ ಎತ್ತುವುದನ್ನು. ಎರಡನೆಯದು ಹಿಂದೆ ಸರಿಸುವುದು: ಬೆರಳು, ಮಣಿಕಟ್ಟು, ಮೊಳಕೈ, ಇಡೀ ತೋಳು ಎಂದು ಮೆಟ್ಟಿಲು ಮೆಟ್ಟಿಲಾಗಿ ಹಗ್ಗ ಅಲುಗಿಸಿ, ಒಂದು ಹೆಜ್ಜೆ ಹಿಂದೆ ಇಟ್ಟೊಡನೆ ಪೂರ್ತಿ ನಿಲ್ಲಿಸಿ. ಅರ್ಧಂಬರ್ಧ ಅಲುಗಿಸುತ್ತಲೇ ಇದ್ದರೆ ಕುದುರೆ ಅದನ್ನು ನೊಣದ ಕಾಟದಷ್ಟೇ ಎಂದು ಸಹಿಸಿಕೊಂಡು ನಿಲ್ಲುತ್ತದೆ.

ಬೆಂಗಳೂರು, ಮೈಸೂರಿನ ರೇಸು ಬಿಟ್ಟು ಸವಾರಿ ಶಾಲೆಗೆ ಬರುವ ಥರೋಬ್ರೆಡ್‌ಗಳೊಂದಿಗೆ ಈ ಎರಡು ಪಾಠಕ್ಕೆ ಹೆಚ್ಚು ದಿನ ಕೊಡಿ. ಟ್ರ್ಯಾಕಿನಲ್ಲಿ ಅವು ಕಲಿತದ್ದು ಕಡಿವಾಣಕ್ಕೆ ಭಾರ ಹಾಕಿ ಓಡುವುದನ್ನು. ಎಳೆತ ಎಂದರೆ ಅವಕ್ಕೆ ‘ಮುಂದೆ ಹೋಗು’. ಹಗ್ಗ ಜಗ್ಗಿ ಹಿಡಿದಷ್ಟೂ ಅವು ಒರಗುತ್ತವೆ. ಒರಗಲು ಏನೂ ಸಿಗದಂತೆ ಚಿಕ್ಕದಾಗಿ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡಬೇಕು. ಮುಳ್ಳು ಕಡಿವಾಣದಿಂದ ಬಾಯಿ ಗಾಯವಾಗಿ ಬರುವ ಗಾಡಿ ಕುದುರೆ, ಮೆರವಣಿಗೆ ಕುದುರೆಗಳ ಮಾತು ಬೇರೆ. ಪ್ರಾಣಿಹಿಂಸೆ ತಡೆಯುವ 1965ರ ನಿಯಮಗಳು ಅಂಥ ಕಡಿವಾಣವನ್ನು ನಿಷೇಧಿಸಿದ್ದರೂ ಅದು ಇನ್ನೂ ಬಳಕೆಯಲ್ಲಿದೆ. ಆ ಬಾಯಿ ಮಾಯುವವರೆಗೆ ಬಾಯಿಗೆ ಏನೂ ಹಾಕದೆ ಕುದುರೆಯನ್ನು ನಡೆಸಲು ಈ ಹಾಲ್ಟರ್ ನಿಜವಾದ ಉಪಕಾರ.

ಯಾವುದಕ್ಕೆ ಬೇಡ ಎಂಬುದೂ ಅಷ್ಟೇ ಮುಖ್ಯ. ಇದು ಹರಿಯುವುದಿಲ್ಲ. ಬೆಚ್ಚಿದ ಕುದುರೆ ಹಿಂದಕ್ಕೆ ಜಗ್ಗಿದರೆ ಕತ್ತಿನ ಸ್ನಾಯು ಹರಿಯಬಹುದು, ಹಾಲ್ಟರ್ ಮಾತ್ರ ಹರಿಯದು. ಆದ್ದರಿಂದ ಇದರಲ್ಲಿ ಕಂಬಕ್ಕೆ ಬಿಗಿದು ಕಟ್ಟಬಾರದು, ಲಾರಿಗೆ ಹತ್ತಿಸಿ ಕಟ್ಟಬಾರದು, ತೊಡಿಸಿಯೇ ಮೇಯಲು ಬಿಡಬಾರದು. ಹಿಂಗಾಲಿನಲ್ಲಿ ಕೆರೆದುಕೊಳ್ಳುವಾಗ ಗೊರಸು ಸಿಕ್ಕಿಬೀಳುತ್ತದೆ. ಆ ಕೆಲಸಗಳಿಗೆ ಅಗಲ ಪಟ್ಟಿಯ, ನೆತ್ತಿಯಲ್ಲಿ ಹರಿಯಬಲ್ಲ ಚರ್ಮವಿರುವ ಹಾಲ್ಟರ್ ಬೇರೆಯೇ ಇಟ್ಟುಕೊಳ್ಳಿ. ಹಗ್ಗದ ಹಾಲ್ಟರಿಗೇ ಲಗಾಮು ಕಟ್ಟಿ ಸವಾರಿ ಮಾಡುವವರೂ ಇದ್ದಾರೆ. ಬೇಲಿಯೊಳಗೆ, ನಡಿಗೆ ಮತ್ತು ದುಡುಕಿ ಓಟದಲ್ಲಿ (ಟ್ರಾಟ್), ನೆಲದ ಮೇಲಿನ ಪಾಠ ಪೂರ್ತಿ ಕಲಿತ ಕುದುರೆಯಾದರೆ ಸರಿ. ಒಂದು ಕಡೆಯ ಲಗಾಮು ಹಿಡಿದಾಗ ಎದುರು ಬದಿಯ ಕೆನ್ನೆಯ ಹುರಿ ಕಣ್ಣಿನತ್ತ ಜಾರುವುದು ಇದರ ದೊಡ್ಡ ಕೊರತೆ, ಯಾವ ಕಂಪನಿಯೂ ಅದನ್ನು ಪೂರ್ತಿ ನೀಗಿಸಿಲ್ಲ.

ಬೆಲೆಯ ಮಾತು. ಹೊರದೇಶದಿಂದ ತರಿಸಿದ ಸೆಟ್ಟಿಗೆ ಸಾಗಣೆ, ಸುಂಕ ಸೇರಿ ಇಲ್ಲಿಯದಕ್ಕಿಂತ ಹಲವು ಪಟ್ಟು ಬೀಳುತ್ತದೆ. ಹಣ ಸೀಮಿತವಾಗಿದ್ದರೆ ಅದನ್ನು ಲೀಡ್ ಹಗ್ಗಕ್ಕೆ ಹಾಕಿ. ಹಾಲ್ಟರ್ ಇಲ್ಲಿಯದ್ದೇ ಸಾಕು, 6 ಮಿ.ಮೀ. ಹುರಿ ಸುಮಾರು ಏಳು ಮೀಟರ್ ಇದ್ದರೆ ಗಂಟು ಬಲ್ಲವರು ಮನೆಯಲ್ಲೇ ಮಾಡಬಹುದು. ಕೊಂಡರೆ, ನಡುವೆ ಮಡಚಿ ಎರಡೂ ಕೆನ್ನೆಯ ಗಂಟು ಸಮ ಬರುತ್ತವೆಯೇ ನೋಡಿ. ಬೆಂಕಿಯಲ್ಲಿ ಕರಗಿಸಿದ ತುದಿ ಮೊನಚಾಗಿದ್ದರೆ ಉಜ್ಜಿ ನಯ ಮಾಡಿ. ಮೊದಲ ವಾರದ ಎಳೆತಕ್ಕೆ ಹೊಸ ಗಂಟುಗಳು ಜರುಗುತ್ತವೆ. ದಿನಾ ತೊಡಿಸುವ ಮುನ್ನ ಮೂಗಿನ ಎರಡು ಗಂಟುಗಳನ್ನು ಬೆರಳಲ್ಲಿ ತಡವಿ, ಜರುಗಿದ್ದರೆ ತಿದ್ದಿ ಮತ್ತೆ ಬಿಗಿಮಾಡಿ.