ಗ್ರೀನ್ ಕ್ಲೈಮೇಟ್ ಫಂಡ್: ಹಣವಿದೆ, ಬಾಗಿಲು ಇಕ್ಕಟ್ಟು

ಬರಕ್ಕೋ ಕಡಲ್ಕೊರೆತಕ್ಕೋ ಸಿಕ್ಕ ಬಡ ದೇಶ ಹಣ ಕೇಳಲು ಹೋಗುವ ದೊಡ್ಡ ಕೌಂಟರ್ ಗ್ರೀನ್ ಕ್ಲೈಮೇಟ್ ಫಂಡ್, ಅಂದರೆ ಹವಾಮಾನ ಬದಲಾವಣೆ ಎದುರಿಸಲು ನೆರವಾಗುವ ಅಂತರರಾಷ್ಟ್ರೀಯ ನಿಧಿ. 2010ರಲ್ಲಿ ಮೆಕ್ಸಿಕೋದ ಕಾನ್ಕುನ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಹವಾಮಾನ ಸಮಾವೇಶದಲ್ಲಿ ಹುಟ್ಟಿದ್ದು, ಕಚೇರಿ ದಕ್ಷಿಣ ಕೊರಿಯಾದ ಸೊಂಗ್ಡೊದಲ್ಲಿ. ಕಾಗದದ ಮೇಲೆ ನ್ಯಾಯಕ್ಕೆ ಕೊರತೆಯಿಲ್ಲ: 24 ಸದಸ್ಯರ ಮಂಡಳಿಯಲ್ಲಿ ಶ್ರೀಮಂತ ದೇಶಗಳಿಗೆ 12 ಸ್ಥಾನ, ಅಭಿವೃದ್ಧಿಶೀಲ ದೇಶಗಳಿಗೂ 12.

ತೊಡಕು ಶುರುವಾಗುವುದು ಅರ್ಜಿಯಲ್ಲಿ. ನಿಧಿಯಿಂದ ಮಾನ್ಯತೆ ಪಡೆದ ಸಂಸ್ಥೆಯ ಮೂಲಕವೇ ಹೋಗಬೇಕು. ಲೆಕ್ಕಪರಿಶೋಧನೆ, ಟೆಂಡರ್ ಪದ್ಧತಿ, ಪರಿಸರ ಸುರಕ್ಷತೆ ಎಲ್ಲದಕ್ಕೂ ದಾಖಲೆ ಒದಗಿಸಿ ಆ ಮಾನ್ಯತೆ ಗಳಿಸುವಷ್ಟರಲ್ಲಿ ವರ್ಷಗಳೇ ಉರುಳಬಹುದು. ಹಾಗಾಗಿ ಪುಟ್ಟ ದೇಶಗಳು ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ಹೆಗಲೇರುತ್ತವೆ. ಅವುಗಳ ಶುಲ್ಕ ಬೇರೆ. ಜೊತೆಗೆ ದೇಶ ಈ ನಿಧಿಯ ವ್ಯವಹಾರಕ್ಕೆಂದು ಗೊತ್ತುಮಾಡಿದ ಪ್ರಾಧಿಕಾರದಿಂದ ‘ನಮ್ಮ ಆಕ್ಷೇಪವಿಲ್ಲ’ ಎಂಬ ಪತ್ರ ಬೇಕು, ಅದಿಲ್ಲದೆ ಕಡತ ಮಂಡಳಿಯ ಮುಂದೆ ಹೋಗದು.

ಇಷ್ಟಾದ ಮೇಲೂ ಒಂದು ಕೊಕ್ಕೆ: ಹಾನಿ ಹವಾಮಾನ ಬದಲಾವಣೆಯದ್ದೇ ಎಂದು ತೋರಿಸಬೇಕು. ಅದಕ್ಕೆ ದಶಕಗಳ ಮಳೆ, ತಾಪಮಾನದ ದಾಖಲೆ ಇದ್ದರೆ ವಾದ ಗಟ್ಟಿ. ಮಳೆಮಾಪಕಗಳೇ ವಿರಳವಾಗಿರುವ ದೇಶ ಎಲ್ಲಿಂದ ತಂದೀತು? ನಿಧಿಯಿಂದ ಕೇಳುವ ಮೊತ್ತ 2.5 ಕೋಟಿ ಡಾಲರ್ ಒಳಗಿದ್ದು, ಪರಿಸರಕ್ಕೆ ಅಪಾಯ ತೀರಾ ಕಡಿಮೆಯಿದ್ದರೆ ಸರಳ ಅನುಮೋದನೆಯ ದಾರಿಯಿದೆ. ಮೊದಲು ಅದನ್ನೇ ಹಿಡಿಯುವುದು ಜಾಣತನ.

ಕೊಡುವವರಿಗೆ ಮಾತ್ರ ಇಂಥ ಪರೀಕ್ಷೆಯಿಲ್ಲ. ನಿಧಿಗೆ ಹಣ ಕೂಡಿಸಿದ ಮೊದಲ ಸುತ್ತಿನಲ್ಲಿ ಅಮೆರಿಕ ಒಪ್ಪಿದ್ದು 300 ಕೋಟಿ ಡಾಲರ್, ಕೊಟ್ಟಿದ್ದು 200 ಕೋಟಿ.